ಭುಜದ ಪಟ್ಟಿ ಮತ್ತು ಸ್ಟೋರಿನ ಬೀಗದ ಕೈ

ಮೊದಲ ಸಲ ಹಡಗಿನಿಂದ ರಜೆಗೆ ಕ್ಯಾತಸಂದ್ರಕ್ಕೆ ಬಂದಾಗ ಸೋದರಮಾವ ಕೇಳಿದ್ದು ಒಂದೇ ಮಾತು. "ಭುಜದ ಮೇಲೆ ಎಷ್ಟು ಪಟ್ಟಿ ಕೊಟ್ಟವ್ರೆ ಕಣಪ್ಪಾ?" ನನಗೆ ಒಂದೂ ಇರಲಿಲ್ಲ. ನಾನಾಗ ಮೆಸ್‌ಮ್ಯಾನ್, ಅಂದರೆ ಹಡಗಿನಲ್ಲಿ ಊಟ ಬಡಿಸಿ ಪಾತ್ರೆ ತೊಳೆಯುವವನು.

ಪಟ್ಟಿಯ ಲೆಕ್ಕ ಮಾವನಿಗೆ ಹೇಳಿದ ಹಾಗೇ ಇಲ್ಲೂ ಹೇಳುತ್ತೇನೆ. ಕ್ಯಾಪ್ಟನ್‌ಗೆ ನಾಲ್ಕು ಬಂಗಾರದ ಬಣ್ಣದ ಪಟ್ಟಿ, ಚೀಫ್ ಆಫೀಸರ್‌ಗೆ ಮೂರು. ಪಟ್ಟಿಗಳ ನಡುವೆ ನೇರಳೆ ಕಂಡರೆ ಇಂಜಿನಿಯರ್. ಬಿಳಿ ಕಂಡರೆ ಪರ್ಸರ್ (ಹಡಗಿನ ಹಣದ ಲೆಕ್ಕ ನೋಡುವವರು), ಕೇಟರಿಂಗ್ ಕಡೆಯವರು. 1918ರಲ್ಲಿ ಬ್ರಿಟಿಷ್ ವ್ಯಾಪಾರಿ ಹಡಗುಗಳಿಗೆಲ್ಲ ಒಂದೇ ಸಮವಸ್ತ್ರ ಗೊತ್ತು ಮಾಡಿದ ಕಾಲದ ಪದ್ಧತಿ ಇದು. ಪ್ರಯಾಣಿಕರ ಹಡಗಿನಲ್ಲಿ ಆ ಬಿಳಿ ಈಗಲೂ ಕಾಣುತ್ತದೆ. ಸರಕು ಹಡಗಿನ ಅಡುಗೆಯವರಿಗೆ ಸಾಮಾನ್ಯವಾಗಿ ಪಟ್ಟಿ ಇರಲ್ಲ. ಬಿಳಿ ಕೋಟು, ಏಪ್ರನ್, ಟೋಪಿ, ಜಾರದ ಶೂ, ಅಷ್ಟೇ. ಹಾಗಂತ ಅಲ್ಲಿ ದರ್ಜೆ ಇಲ್ಲ ಅಂತಲ್ಲ. ದಿನಸಿ ಸ್ಟೋರಿನ ಬೀಗದ ಕೈ ಯಾರ ಹತ್ತಿರ ಇದೆ ಅಂತ ನೋಡಿದರೆ ಸಾಕು.

ನಾನು ತಟ್ಟೆ ಇಡ್ಲಿ ಹೋಟೆಲಿನಲ್ಲಿ ಹಿಟ್ಟು ರುಬ್ಬುತ್ತಾ ಬೆಳೆದವನು. ಆಮೇಲೆ ಆರು ತಿಂಗಳ ಮಾರಿಟೈಮ್ ಕೇಟರಿಂಗ್ ಕೋರ್ಸ್ ಮಾಡಿದೆ. ಬೆಂಕಿ ಆರಿಸೋದು, ನೀರಲ್ಲಿ ಜೀವ ಉಳಿಸಿಕೊಳ್ಳೋದು, ಪ್ರಥಮ ಚಿಕಿತ್ಸೆ, ಇವನ್ನೂ ಕಲಿಯಬೇಕು. ಅಡುಗೆಯವನಾದರೂ ಬಿಡಲ್ಲ. ಏಳು ಚಿಕ್ಕ, ಒಂದು ಉದ್ದನೆಯ ಸೈರನ್ ಕೇಳಿದರೆ ಸೌಟು ಬಿಟ್ಟು ಮಸ್ಟರ್ ಜಾಗಕ್ಕೆ, ಅಂದರೆ ಅಪಾಯದಲ್ಲಿ ಎಲ್ಲರೂ ಸೇರುವ ಜಾಗಕ್ಕೆ, ಓಡಬೇಕು.

ಮೆಸ್‌ಮ್ಯಾನ್ ಕೆಲಸ ಬೆಳಿಗ್ಗೆ ಐದೂವರೆಗೆ ಶುರು. ಆಫೀಸರ್ಸ್ ಮೆಸ್, ಕ್ರೂ ಮೆಸ್ ಎರಡರಲ್ಲೂ ಬಡಿಸೋದು, ಪಾತ್ರೆ, ಕ್ಯಾಪ್ಟನ್ ಕ್ಯಾಬಿನ್ ಗುಡಿಸೋದು, ಹಾಸಿಗೆ ಬಟ್ಟೆ ಬದಲಿಸೋದು. ಕಸವನ್ನು ಬೇರೆ ಬೇರೆ ಡಬ್ಬಿಗೆ ಹಾಕೋದೂ ನಮ್ಮದೇ. ಪ್ಲಾಸ್ಟಿಕ್ ಚೂರು ಕೂಡ ಸಮುದ್ರಕ್ಕೆ ಹೋಗಬಾರದು.

ಜೂನ್ ತಿಂಗಳ ಅರಬ್ಬಿ ಸಮುದ್ರ ನನಗೆ ಪಾಠ ಕಲಿಸಿತು. ಒಲೆಯ ಮೇಲೆ ಪಾತ್ರೆ ಜಾರದ ಹಾಗೆ ಅಡ್ಡ ಕಬ್ಬಿಣದ ಸರಳುಗಳಿರುತ್ತವೆ. ಅವನ್ನು ನಂಬಿ ಸಾಂಬಾರನ್ನು ಕಂಠಪೂರ್ತಿ ತುಂಬಿದ್ದೆ. ಹಡಗು ಎಡಕ್ಕೆ ವಾಲಿತು. ಪಾತ್ರೆ ಅಲ್ಲೇ ನಿಂತಿತು, ಸಾಂಬಾರ್ ಮಾತ್ರ ಎದ್ದು ನನ್ನ ಮುಂಗೈ ಮೇಲೆ ಬಂತು. ಚೀಫ್ ಕುಕ್ ಬೈಯಲಿಲ್ಲ. ಕೈಯನ್ನು ತಣ್ಣೀರಿನ ನಲ್ಲಿ ಕೆಳಗೆ ತುಂಬಾ ಹೊತ್ತು ಹಿಡಿಸಿದರು. ಆಮೇಲೆ ಪಾತ್ರೆಯ ಅರ್ಧಕ್ಕೆ ಬೆರಳಿಟ್ಟು ತೋರಿಸಿದರು, "ಇಲ್ಲಿಗೆ, ಇನ್ಮೇಲೆ ಇಲ್ಲಿಗೆ." ಅಲೆ ಜಾಸ್ತಿ ಇದ್ದ ದಿನ ಎಣ್ಣೆಯಲ್ಲಿ ಕರಿಯೋದು ಬಂದ್. ಮೇಜಿನ ಬಟ್ಟೆ ಒದ್ದೆ ಮಾಡಿ ಹಾಸಿದರೆ ತಟ್ಟೆ ಓಡಲ್ಲ. ಅವತ್ತಿನ ಗುರುತು ಇನ್ನೂ ನನ್ನ ಕೈಮೇಲಿದೆ.

ಆಮೇಲೆ ಸೆಕೆಂಡ್ ಕುಕ್ ಆದೆ, ಬೆಳಗಿನ ತಿಂಡಿ, ಬ್ರೆಡ್ಡು ನನ್ನ ಪಾಲು. ಕುಕ್ ಪರೀಕ್ಷೆ ಪಾಸಾದ ಮೇಲೆ ಚೀಫ್ ಕುಕ್. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಇರಬೇಕಾದ ಹಡಗಿನಲ್ಲಿ ಅರ್ಹತೆ ಪಡೆದ ಕುಕ್ ಇರಲೇಬೇಕು ಅಂತ 2006ರ ಅಂತಾರಾಷ್ಟ್ರೀಯ ಕಡಲ ಕಾರ್ಮಿಕ ಒಪ್ಪಂದ ಹೇಳುತ್ತದೆ. ಊಟಕ್ಕೆ ನಾವಿಕರಿಂದ ದುಡ್ಡು ತಗೋಬಾರದು ಅಂತಲೂ ಅದರಲ್ಲೇ ಇದೆ. ಮಾಂಸದ ಕೋಣೆ ಮೈನಸ್ 18 ಡಿಗ್ರಿ, ತರಕಾರಿಯದು ಸುಮಾರು 4. ಮುಂದಿನ ಬಂದರಿನವರೆಗೆ ಎಷ್ಟು ಈರುಳ್ಳಿ ಉಳಿಯುತ್ತೆ ಅನ್ನೋ ಲೆಕ್ಕ ನನ್ನ ತಲೆಯಲ್ಲಿ ಸದಾ ಓಡುತ್ತಿರುತ್ತದೆ.

ನಾನು ಸಿದ್ಧಗಂಗೆ ಮಠದ ದಾಸೋಹದಲ್ಲಿ ಸಾಲಿನಲ್ಲಿ ಕೂತು ಉಂಡವನು. ಅಲ್ಲಿ ಎಲ್ಲರಿಗೂ ಒಂದೇ ಸಾರು. ನನ್ನ ಗ್ಯಾಲಿಯಲ್ಲೂ (ಹಡಗಿನ ಅಡುಗೆಮನೆ) ಕ್ಯಾಪ್ಟನ್‌ಗೆ, ಇಂಜಿನ್ ರೂಮಿನಲ್ಲಿ ಯಂತ್ರಗಳಿಗೆ ಎಣ್ಣೆ ಹಾಕುವ ಆಯಿಲರ್‌ಗೆ ಒಂದೇ ಪಾತ್ರೆಯಿಂದ ಬಡಿಸುತ್ತೇನೆ. ಅದರಲ್ಲಿ ರಾಜಿ ಇಲ್ಲ.

ನಮ್ಮ ಕಡೆ ಹುಡುಗರು ಈಗ ಜಾಸ್ತಿ ಕೇಳ್ತಾರೆ, ಅದಕ್ಕೆ ಒಂದು ಮಾತು. ಶುರುವಿನಲ್ಲಿ ಒಬ್ಬ ಏಜೆಂಟ್ ಕೆಲಸ ಕೊಡಿಸುತ್ತೇನೆ ಅಂತ ಅಪ್ಪನ ಹತ್ತಿರ ದುಡ್ಡು ತಗೊಂಡು ಮಾಯವಾದ. ಅಪ್ಪ ಅದಕ್ಕೆ ಹಸು ಮಾರಿದ್ದರು. ನೇಮಕಾತಿ ಕಂಪನಿಗೆ ಡಿ.ಜಿ. ಶಿಪ್ಪಿಂಗ್‌ನ (ಹಡಗುಗಳ ವಿಷಯ ನೋಡುವ ಕೇಂದ್ರ ಸರ್ಕಾರದ ಇಲಾಖೆ) ಲೈಸೆನ್ಸ್ ಇದೆಯಾ ಅಂತ ಮೊದಲು ನೋಡಿ. ಲೈಸೆನ್ಸ್ ಇರುವವರು ಕೆಲಸ ಕೊಡಿಸಲು ನಾವಿಕನಿಂದ ಹಣ ಕೇಳುವ ಹಾಗಿಲ್ಲ. ಕೇಳಿದರೆ ಎದ್ದು ಬನ್ನಿ.