ಸದ್ದಿಗೆ ಸದ್ದು ಸೇರಿಸಿ ಮೌನ ಕೇಳಿಸಿದ್ದು

ದ್ವಿತೀಯ ಪಿಯುಸಿಗೆ ವ್ಯತಿಕರಣದ ಪಾಠ ಬಂದಾಗ ಮೊದಲ ಕೆಲವು ವರ್ಷ ನಾನೂ ಬೋರ್ಡಿನ ಮೇಲೆ ಎರಡು ಅಲೆ ಬರೆದು, ಒಂದರ ಉಬ್ಬನ್ನು ಇನ್ನೊಂದರ ತಗ್ಗಿಗೆ ಕೂರಿಸಿ, 'ಎರಡೂ ಸೇರಿ ಸೊನ್ನೆ' ಅಂತ ಹೇಳಿ ಮುಂದಕ್ಕೆ ಹೋಗುತ್ತಿದ್ದೆ. ಮಕ್ಕಳು ಬರೆದುಕೊಳ್ಳುತ್ತಿದ್ದರು, ಆದರೆ ಮುಖ ನೋಡಿದರೆ ನಂಬಿದ ಹಾಗೆ ಕಾಣುತ್ತಿರಲಿಲ್ಲ. ಸದ್ದಿಗೆ ಸದ್ದು ಸೇರಿದರೆ ಗಲಾಟೆ ಜಾಸ್ತಿಯಾಗಬೇಕಲ್ಲವೇ? ಇದನ್ನು ಅವರ ಕಿವಿಗೇ ಕೇಳಿಸಬೇಕು ಅಂತ ಒಂದು ವರ್ಷ ಹಟ ಹಿಡಿದೆ.

ಮೊದಲು ಎರಡು ಮೊಬೈಲಿನಲ್ಲಿ 500 ಹರ್ಟ್ಸ್‌ನ ಸ್ವರ ಹಾಕಿದೆ. ಸದ್ದು ಕುಗ್ಗುವ ಜಾಗ ಸಿಕ್ಕಿತು ಅನ್ನುವಷ್ಟರಲ್ಲಿ ಅದು ಪಕ್ಕಕ್ಕೆ ಜಾರಿರುತ್ತಿತ್ತು. ಎರಡು ಫೋನು ಎಷ್ಟೇ ಆದರೂ ಕರಾರುವಾಕ್ಕಾಗಿ ಒಂದೇ ಲಯದಲ್ಲಿ ನಡೆಯುವುದಿಲ್ಲ, ಒಂಚೂರು ಹಿಂದುಮುಂದಾದರೂ ಉಬ್ಬು ತಗ್ಗುಗಳ ಲೆಕ್ಕ ತಪ್ಪುತ್ತದೆ. ಹಾಗಾಗಿ ಒಂದೇ ಆಂಪ್ಲಿಫೈಯರಿಗೆ ಎರಡು ಸ್ಪೀಕರ್ ಜೋಡಿಸಿದೆ. ತರಗತಿಯೊಳಗೆ ಅದೂ ಕೈಕೊಟ್ಟಿತು. ಗೋಡೆ, ತಾರಸಿ, ನೆಲ ಎಲ್ಲ ಕಡೆಯಿಂದ ಸದ್ದು ತಿರುಗಿ ಬಂದು ಖಾಲಿ ಜಾಗವನ್ನು ತುಂಬಿಬಿಡುತ್ತಿತ್ತು.

ಕೊನೆಗೆ ಬೆಳಗ್ಗೆ ಪ್ರಾರ್ಥನೆಗೆ ಮುಂಚೆ, ಗಾಳಿಯಿಲ್ಲದ ಹೊತ್ತಿನಲ್ಲಿ, ಮೈದಾನಕ್ಕೆ ಹೋದೆವು. ಎರಡು ಮೀಟರ್ ಅಂತರದಲ್ಲಿ ಎರಡು ಸ್ಟೂಲ್, ಅವುಗಳ ಮೇಲೆ ಸ್ಪೀಕರ್. ಐದು ಮೀಟರ್ ಆಚೆ ಸುಣ್ಣದ ಪುಡಿಯಲ್ಲಿ ಒಂದು ಅಡ್ಡಗೆರೆ. ಒಂದು ಕಿವಿ ಮುಚ್ಚಿಕೊಂಡು ಆ ಗೆರೆಯ ಮೇಲೆ ಮೆಲ್ಲಗೆ ನಡೆಯಿರಿ ಅಂದೆ. ನಡುಮಧ್ಯದಲ್ಲಿ ಸ್ವರ ಜೋರಾಗಿತ್ತು. ಅಲ್ಲಿಂದ ಸುಮಾರು 90 ಸೆಂಟಿಮೀಟರ್ ಪಕ್ಕಕ್ಕೆ ಸರಿದ ಹುಡುಗಿಯೊಬ್ಬಳು ಗಕ್ಕನೆ ನಿಂತಳು. 'ಸರ್, ಆಫ್ ಮಾಡಿದ್ರಾ?'

ಅವಳು ನಿಂತಲ್ಲಿಂದ ಎರಡೂ ಸ್ಪೀಕರಿಗೆ ಟೇಪು ಹಿಡಿದು ಅಳೆದೆವು. ಒಂದು 5 ಮೀಟರ್, ಇನ್ನೊಂದು 5 ಮೀಟರ್ 34 ಸೆಂಟಿಮೀಟರ್. ಸದ್ದಿನ ವೇಗ ಸೆಕೆಂಡಿಗೆ ಸುಮಾರು 345 ಮೀಟರ್ ಅಂತ ಇಟ್ಟುಕೊಂಡರೆ 500 ಹರ್ಟ್ಸ್ ಅಲೆಯ ಉದ್ದ 69 ಸೆಂಟಿಮೀಟರ್, ಅದರಲ್ಲಿ ಅರ್ಧ 34 ಚಿಲ್ಲರೆ. ಒಂದು ಸ್ಪೀಕರಿನ ಅಲೆ ಅರ್ಧ ಹೆಜ್ಜೆ ತಡವಾಗಿ ಬಂದು, ಇನ್ನೊಂದು ಗಾಳಿಯನ್ನು ಒತ್ತುವ ಹೊತ್ತಿಗೆ ಸರಿಯಾಗಿ ಇದು ಹಿಂದಕ್ಕೆ ಎಳೆಯುತ್ತಿತ್ತು. ಆಮೇಲೆ ಒಂದು ಸ್ಪೀಕರಿನ ಕೆಂಪು, ಕಪ್ಪು ವೈರುಗಳನ್ನು ಅದಲುಬದಲು ಮಾಡಿದೆ. ಈಗ ನಡುಮಧ್ಯದಲ್ಲೇ ಸದ್ದು ಉಡುಗಿತು, ಅವಳು ನಿಂತ ಜಾಗ ಜೋರಾಯಿತು.

ಅವಳೇ ಕೇಳಿದಳು: 'ಇಲ್ಲದ ಸದ್ದು ಎಲ್ಲಿಗೆ ಹೋಯ್ತು ಸರ್?' ಇಡೀ ಪಾಠದಲ್ಲಿ ಕೇಳಬೇಕಾದ ಪ್ರಶ್ನೆ ಅಂದರೆ ಅದೇ. 'ಬಾರಮ್ಮ' ಅಂತ ಅವಳನ್ನು ಜೋರಾಗಿ ಕೇಳುವ ಜಾಗಕ್ಕೆ ಕರೆದುಕೊಂಡು ಹೋದೆ. ಎರಡು ಅಲೆ ಕೂಡಿ ಅಲ್ಲಿ ಎತ್ತರ ಎರಡು ಪಟ್ಟಾಗುತ್ತದೆ, ಶಕ್ತಿ ನಾಲ್ಕು ಪಟ್ಟು. ಎರಡು ಸ್ಪೀಕರಿನದು ಬಿಡಿಬಿಡಿಯಾಗಿ ಕೂಡಿದರೆ ಸಿಗಬೇಕಾದದ್ದು ಎರಡು ಪಟ್ಟು ಮಾತ್ರ. ಮೇಲಿನ ಎರಡು ಪಟ್ಟು ಆ ಮೌನದ ಜಾಗದ ಪಾಲು. ಶಕ್ತಿ ಸತ್ತಿಲ್ಲ, ಜಾಗ ಬದಲಿಸಿದೆ.

ಬೆಳಕಿಗೆ ಇಷ್ಟು ಪರದಾಟ ಬೇಕಿಲ್ಲ. ಲೇಸರ್ ಪಾಯಿಂಟರಿನ ಬಾಯಿಗೆ ಅಡ್ಡಲಾಗಿ ಒಂದು ತಲೆಗೂದಲು ಅಂಟಿಸಿ, ಮೂರು ಮೀಟರ್ ದೂರದ ಗೋಡೆಗೆ ಬಿಟ್ಟರೆ ಕೆಂಪು ಗೆರೆಯಲ್ಲಿ ಕಪ್ಪು ಕಂಡಿಗಳು ಸಾಲಾಗಿ ಕಾಣುತ್ತವೆ. (ಕಿರಣ ಯಾರ ಕಣ್ಣಿಗೂ ಹೋಗದಂತೆ ಪಾಯಿಂಟರನ್ನು ಬಿಗಿಯಾಗಿ ಕಟ್ಟಿಡಿ.) ಬದಿಯ ಕಂಡಿಗಳ ಅಂತರ ನಮಗೆ 2.8 ಸೆಂಟಿಮೀಟರ್ ಸಿಕ್ಕಿತು. 650 ನ್ಯಾನೊಮೀಟರ್ ಬೆಳಕಿಗೆ ಲೆಕ್ಕ ಹಾಕಿದರೆ ಕೂದಲಿನ ದಪ್ಪ 70 ಮೈಕ್ರೊಮೀಟರ್. 1803ರಲ್ಲಿ ಥಾಮಸ್ ಯಂಗ್ ಕಿಂಡಿಯಿಂದ ಬಂದ ಬಿಸಿಲಿಗೆ ಅಡ್ಡಲಾಗಿ ಹಿಡಿದದ್ದೂ ಹೀಗೇ ಒಂದು ಸಣ್ಣ ಕಾಗದದ ಪಟ್ಟಿ. ಪಟ್ಟಿಯ ಒಂದು ಬದಿಯ ಬೆಳಕನ್ನು ತಡೆದಾಗ ನೆರಳಿನೊಳಗಿನ ಗೆರೆಗಳು ಮಾಯವಾದವು. ಎರಡೂ ಬದಿಯಿಂದ ಬೆಳಕು ಬಂದರೇನೇ ಅಲ್ಲಿ ಕಪ್ಪು ಗೆರೆ. ನನಗೆ ಇವತ್ತಿಗೂ ರೋಮಾಂಚನವಾಗುವ ಸಂಗತಿ ಅದು.

ಆದರೆ ಮಕ್ಕಳಿಗೆ ಹಿಡಿಸಿದ್ದು ಬಳೆ. ಪಾತ್ರೆ ತೊಳೆಯುವ ಸೋಪಿನ ನೀರಿಗೆ ಎರಡು ಹನಿ ಗ್ಲಿಸರಿನ್ ಹಾಕಿ, ಬಳೆ ಅದ್ದಿ, ನೆಟ್ಟಗೆ ಹಿಡಿದು, ಹಿಂದೆ ಕಪ್ಪು ಬಟ್ಟೆ ಇಟ್ಟು ನೋಡಬೇಕು. ಪೊರೆಯ ನೀರು ಕೆಳಕ್ಕೆ ಇಳಿಯುತ್ತಾ ಬಣ್ಣದ ಪಟ್ಟೆಗಳೂ ಇಳಿಯುತ್ತವೆ. ಒಂದೆರಡು ನಿಮಿಷದಲ್ಲಿ ಮೇಲಿನ ಅಂಚು ಬೆಳ್ಳಿಯಂತಾಗಿ, ಆಮೇಲೆ ಕಪ್ಪಾಗುತ್ತದೆ. ಹರಿದುಹೋಗಿದೆ ಅಂತಲೇ ಎಲ್ಲರೂ ಅಂದುಕೊಳ್ಳುತ್ತಾರೆ. ಪೊರೆ ಅಲ್ಲೇ ಇದೆ, ಬೆಳಕಿನ ಅಲೆಯ ಉದ್ದಕ್ಕಿಂತ ಎಷ್ಟೋ ತೆಳ್ಳಗೆ. ಮುಂದಿನ ಮೈಯಿಂದ ಮರಳುವ ಅಲೆ ತಲೆಕೆಳಗಾಗುತ್ತದೆ, ಹಿಂದಿನ ಮೈಯಿಂದ ಮರಳುವುದು ಹಾಗಾಗುವುದಿಲ್ಲ. ನಡುವೆ ದೂರವೇ ಇಲ್ಲದ್ದರಿಂದ ಎರಡೂ ಒಂದನ್ನೊಂದು ಅಳಿಸುತ್ತವೆ.

ಬಟ್ಟೆ ತೆಗೆದು, ಅದೇ ಕಪ್ಪು ಜಾಗದ ಮೂಲಕ ಕಿಟಕಿ ನೋಡಲು ಹೇಳಿದೆ. ಈಚೆಗೆ ಮರಳದ ಬೆಳಕೆಲ್ಲ ಆಚೆಗೆ ದಾಟುವ ಜಾಗ ಅದು. ಹೊರಗಿನ ಹೊಂಗೆ ಮರದ ಎಲೆ ಎಲೆಯೂ ಸ್ಪಷ್ಟವಾಗಿ ಕಾಣುತ್ತಿತ್ತು. ಮೈದಾನದಲ್ಲಿ ಪ್ರಶ್ನೆ ಕೇಳಿದ್ದ ಹುಡುಗಿ ಬಳೆ ಇಸಿದುಕೊಂಡು, ಉಸಿರು ಬಿಗಿಹಿಡಿದು, ಪೊರೆ ಒಡೆಯುವ ತನಕ ನೋಡಿದಳು. ಆಮೇಲೆ ಮತ್ತೆ ಅದ್ದಿದಳು.