ಹನಿ ನೀರಾವರಿ ಕೈಪಿಡಿ: ಒಮ್ಮೆ ಬರೆದು ಹತ್ತು ಕಡೆ ಬಳಸುವುದು ಹೇಗೆ?

ಹನಿ ನೀರಾವರಿ ಸೆಟ್ ಮಾರುವ ಕಂಪನಿಯಲ್ಲಿ ‘ಫಿಲ್ಟರ್ ತೊಳೆಯುವ ಕ್ರಮ’ ಎಂಬ ಒಂದೇ ಮಾಹಿತಿ ಕೈಪಿಡಿ, ಫಿಲ್ಟರ್ ಮೇಲಿನ ಸ್ಟಿಕ್ಕರ್, ಡೀಲರ್ ತರಬೇತಿಯ ಸ್ಲೈಡು, ವಾಟ್ಸ್‌ಆ್ಯಪ್ ವಿಡಿಯೊ ಎಲ್ಲದರಲ್ಲೂ ಇರುತ್ತದೆ. ಒಬ್ಬೊಬ್ಬರು ಒಂದೊಂದನ್ನು ಬರೆದರೆ ಕ್ರಮೇಣ ನಾಲ್ಕೂ ನಾಲ್ಕು ಮಾತು ಹೇಳತೊಡಗುತ್ತವೆ. ರೈತರು ಯಾವುದನ್ನು ನಂಬಬೇಕು?

ಮೊದಲು, ಇರುವುದನ್ನೆಲ್ಲ ಒಂದೆಡೆ ಹರಡಿಕೊಂಡು ತುಣುಕು ಮಾಡಿ. ತುಣುಕಿಗೊಂದೇ ಕೆಲಸ: ಫಿಲ್ಟರ್ ತೊಳೆಯುವುದು, ಲ್ಯಾಟರಲ್ (ಗಿಡದ ಸಾಲಿಗುಂಟ ಹಾಯುವ ಸಣ್ಣ ಪೈಪು) ಕೊನೆ ಬಿಚ್ಚಿ ಕೆಸರು ಹೊರಬಿಡುವುದು, ಆಸಿಡ್ ಉಪಚಾರ (ಪೈಪಿನಲ್ಲಿ ಕಟ್ಟಿದ ಲವಣ ಕರಗಿಸಲು ಆಸಿಡ್ ಬೆರೆತ ನೀರು ಹಾಯಿಸುವುದು). ಒಳಗೆ ‘ಮೇಲೆ ಹೇಳಿದಂತೆ’, ‘ಮುಂದಿನ ಪುಟ ನೋಡಿ’ ಎಂದು ಬರೆಯಬೇಡಿ. ಸ್ಟಿಕ್ಕರಿಗೆ ಮುಂದಿನ ಪುಟವಿಲ್ಲ. ‘ನೀರು ಒಳಬರುವ ಮತ್ತು ಹೊರಹೋಗುವ ಕಡೆಯ ಒತ್ತಡದ ವ್ಯತ್ಯಾಸ ಚದರ ಸೆಂ.ಮೀ.ಗೆ 0.5 ಕೆ.ಜಿ. ದಾಟಿದರೆ ಫಿಲ್ಟರ್ ತೊಳೆಯಿರಿ’ ಎಂಬ ವಾಕ್ಯ ಎಲ್ಲಿಟ್ಟರೂ ನಿಲ್ಲುತ್ತದೆ. ಹಳೆಯ ನುಡಿ, ಬರಹ ಫಾಂಟಿನ ಕಡತಗಳನ್ನು ಈ ಹಂತದಲ್ಲೇ ಯೂನಿಕೋಡ್‌ಗೆ ತನ್ನಿ. ಪರಿವರ್ತನೆಯಲ್ಲಿ ಅರ್ಕಾವೊತ್ತು ಜಾಗ ತಪ್ಪುವುದುಂಟು, ಕಣ್ಣಿಟ್ಟು ಓದಿ.

ಮಾದರಿಗೆ ತಕ್ಕಂತೆ ಬದಲಾಗುವ ಹೆಸರುಗಳ ಜಾಗ ಖಾಲಿ ಬಿಟ್ಟು ಕಂಪ್ಯೂಟರೇ ತುಂಬುವಂತೆ ಮಾಡಬಹುದು. ಕನ್ನಡದಲ್ಲಿ ಇಲ್ಲೇ ವಿಭಕ್ತಿ ಕಾಲಿಗೆ ತೊಡರುತ್ತದೆ. ‘[ಭಾಗ]ಗೆ ಪೈಪು ಜೋಡಿಸಿ’ ಎಂದಿಟ್ಟರೆ ‘ವೆಂಚುರಿಗೆ’ (ಗೊಬ್ಬರದ ದ್ರಾವಣವನ್ನು ನೀರಿಗೆ ಎಳೆದು ಬೆರೆಸುವ ಭಾಗ) ಸರಿಯಾಗಿ ಬರುತ್ತದೆ. ಟ್ಯಾಂಕ್ ಬಂದರೆ ‘ಟ್ಯಾಂಕ್ಗೆ’ ಆಗಿ ‘ಕ’ದ ಕೆಳಗೆ ‘ಗ’ ಒತ್ತಾಗಿ ಕೂರುತ್ತದೆ. ‘ಪೈಪು ಜೋಡಿಸಬೇಕಾದ ಭಾಗ: [ಭಾಗ]’ ಎಂದು ತಿರುಗಿಸಿ ಬರೆದರೆ ಯಾವ ಹೆಸರು ಬಂದರೂ ತೊಂದರೆಯಿಲ್ಲ.

ಎಚ್ಚರಿಕೆಯ ಮಾತಿಗಂತೂ ಬೀಗವೇ ಬೇಕು. ‘ಆಸಿಡನ್ನು ನೀರಿಗೆ ಹಾಕಿ, ನೀರನ್ನು ಆಸಿಡಿಗೆ ಹಾಕಬೇಡಿ.’ ಚಂದಗೊಳಿಸಲು ಹೋಗಿ ಪ್ರತ್ಯಯ ಅದಲುಬದಲಾದರೆ ಓದಿದವರ ಮುಖಕ್ಕೆ ಆಸಿಡ್ ಸಿಡಿಯುತ್ತದೆ. ಇಂಥ ವಾಕ್ಯ ಒಂದೇ ಕಡತದಲ್ಲಿರಲಿ, ತಿದ್ದುವ ಹಕ್ಕು ಒಬ್ಬರಿಗೇ ಇರಲಿ. ತೆಲುಗು, ಮರಾಠಿ ಅನುವಾದವನ್ನು ಆ ಭಾಷೆಯವರು ಇನ್ನೊಬ್ಬರು ಓದಿ ಒಪ್ಪಿದ ಮೇಲೆಯೇ ಅಚ್ಚಿಗೆ ಕೊಡಿ.

ಮುಂದಿನದು ದಾಖಲೆ ಪಟ್ಟಿ. ಸಾದಾ ಎಕ್ಸೆಲ್ ಸಾಕು: ತುಣುಕಿನ ಸಂಖ್ಯೆ, ಆವೃತ್ತಿ, ಹೊಣೆ ಹೊತ್ತವರು, ಕೊನೆಯ ಬಾರಿ ಪರಿಶೀಲಿಸಿದ ದಿನ, ಭಾಷೆಗಳು, ಎಲ್ಲೆಲ್ಲಿ ಬಳಕೆಯಲ್ಲಿದೆ. ಕೊನೆಯ ಕಾಲಂ ತುಂಬಲು ಬೇಸರವಾಗುವುದು ಸಹಜ, ಆದರೆ ಅದಿಲ್ಲದ ಪಟ್ಟಿ ಇದ್ದೂ ಇಲ್ಲದಂತೆ. ಭಾಗ ಬದಲಾದ ದಿನ ಸ್ಟಿಕ್ಕರ್ ಮರೆತುಹೋಗುವುದು ಅದು ಖಾಲಿ ಇದ್ದಾಗಲೇ.

ತಿದ್ದುವಾಗ ಹಳೆಯದನ್ನು ಅಳಿಸಬೇಡಿ. ಕಾರ್ಖಾನೆ ಹೊಸ ಫಿಲ್ಟರ್ ತಂದರೂ ತೋಟದಲ್ಲಿ ಹಳೆಯದು ವರ್ಷಗಟ್ಟಲೆ ಓಡುತ್ತದೆ. ಆ ರೈತರಿಗೆ ಹಳೆಯ ಸೂಚನೆಯೇ ಸರಿ. ‘ಈ ಕ್ರಮಸಂಖ್ಯೆಯವರೆಗೆ’, ‘ಈ ಕ್ರಮಸಂಖ್ಯೆಯಿಂದ’ ಎಂದು ಗುರುತಿಸಿ ಎರಡನ್ನೂ ಇಟ್ಟುಕೊಳ್ಳಿ.

ಚಿತ್ರದೊಳಗೆ ಅಕ್ಷರ ಬೇಡ. 1, 2, 3 ಅಂಕಿ ಹಾಕಿ, ವಿವರಣೆ ಹೊರಗೆ ಕೊಟ್ಟರೆ ಎಲ್ಲ ಭಾಷೆಗೂ ಒಂದೇ ಚಿತ್ರ ಸಾಕು. ವಿಡಿಯೊದಲ್ಲಿ ದೃಶ್ಯ, ಧ್ವನಿ ಬೇರೆ ಬೇರೆ ಕಡತಗಳಾಗಿರಲಿ. ಅಂಕಿಯೊಂದು ಬದಲಾದರೆ ಆ ವಾಕ್ಯವನ್ನಷ್ಟೇ ಮತ್ತೆ ಓದಿಸಿದರಾಯಿತು.

ಸ್ಟಿಕ್ಕರಿನ ಕ್ಯೂಆರ್ ಕೋಡ್ ನೇರವಾಗಿ ಪಿಡಿಎಫ್ ಕಡತಕ್ಕೆ ಹೋಗದೆ ನಿಮ್ಮದೇ ಜಾಲತಾಣದ ಒಂದು ಶಾಶ್ವತ ವಿಳಾಸಕ್ಕೆ ಹೋಗಲಿ. ಆ ವಿಳಾಸದಲ್ಲಿ ತೆರೆದುಕೊಳ್ಳುವ ಕಡತವನ್ನು ಬೇಕೆಂದಾಗ ಬದಲಿಸಬಹುದು. ವಾಟ್ಸ್‌ಆ್ಯಪ್‌ನಲ್ಲೂ ಕಡತದ ಬದಲು ಕೊಂಡಿಯನ್ನೇ ಕಳಿಸಿ. ಗುಂಪಿನಿಂದ ಗುಂಪಿಗೆ ಹೋದ ವಿಡಿಯೊವನ್ನು ವಾಪಸು ತರಿಸಲಾಗದು. ಅದನ್ನೇ ಕಳಿಸಬೇಕಾಗಿ ಬಂದರೆ ಮೊದಲ ದೃಶ್ಯದ ಮೂಲೆಯಲ್ಲಿ ಮಾದರಿ, ತಿಂಗಳು, ವರ್ಷ ದಪ್ಪಕ್ಷರದಲ್ಲಿ ಕಾಣುವಂತಿರಲಿ.