ಗಡಿಯಾರ ನೋಡಿ ಆರಿಸಿಕೊಂಡ ಓದು

ಪಿಯುಸಿಯಲ್ಲಿ ಪಿಸಿಎಂಬಿ (ಭೌತ, ರಸಾಯನ, ಗಣಿತ, ಜೀವಶಾಸ್ತ್ರ) ಓದಿದವರಿಗೆ ಡಾಕ್ಟರೋ ಎಂಜಿನಿಯರೋ ಎಂಬ ಇಕ್ಕಟ್ಟನ್ನು ಬಿಡಿಸಿ ಹೇಳಬೇಕಿಲ್ಲ. ವೈದ್ಯಕೀಯ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಮೊದಲ ಸಲ 410ರ ಸುಮಾರು ಅಂಕ ಬಂತು. ಹಾಸನದಲ್ಲಿ ರೂಮು ಹಿಡಿದು ಮತ್ತೊಂದು ವರ್ಷ ಕೂತೆ. ಕೋಚಿಂಗ್‌ಗೆ ತೊಂಬತ್ತು ಸಾವಿರ, ರೂಮು ಮತ್ತು ಊಟಕ್ಕೆ ಅರವತ್ತು. ಮೂಡಿಗೆರೆ ಕಡೆಯ ನಮ್ಮ ಎರಡು ಎಕರೆ ಕಾಫಿಯ ದುಡ್ಡೆಲ್ಲ ಅಲ್ಲಿಗೇ ಹೋಯಿತು. ಬಂದದ್ದು 470ರ ಆಸುಪಾಸು.

ಮೂರನೇ ಸಲ ಕೂರುವುದೋ, ಆಸ್ಪತ್ರೆಯ ಯಂತ್ರೋಪಕರಣಗಳ ಓದಾದ ಬಯೋಮೆಡಿಕಲ್ ಎಂಜಿನಿಯರಿಂಗ್ ಸೇರುವುದೋ? ಅಮೆರಿಕದಲ್ಲಿರುವ ದೊಡ್ಡಮ್ಮನ ಮಗ, ‘ಬಯೋಮೆಡಿಕಲ್ ಮುಗಿಸಿ ಆಮೇಲೆ ಡಾಕ್ಟರ್ ಆಗು’ ಎಂದ. ಅಲ್ಲಿ ಯಾವುದಾದರೂ ಪದವಿ ಮುಗಿಸಿ, ಅಲ್ಲಿನ ಪ್ರವೇಶ ಪರೀಕ್ಷೆ ಎಂಸಿಎಟಿ ಬರೆದು ವೈದ್ಯಕೀಯಕ್ಕೆ ಹೋಗುತ್ತಾರೆ. ಇಲ್ಲಿ ಬಿ.ಇ. ಮಾಡಿದವನೂ ಮತ್ತೆ ನೀಟ್ ಬರೆದು ಎಂಬಿಬಿಎಸ್‌ನ ಮೊದಲ ವರ್ಷದಿಂದಲೇ ಹೊರಡಬೇಕು. ಅವನ ಮಾತು ನಂಬಿ ಎರಡು ತಿಂಗಳು ಕಳೆದೆ. 3,500 ರೂಪಾಯಿ ಕೊಟ್ಟು ಆಪ್ಟಿಟ್ಯೂಡ್ ಟೆಸ್ಟ್ ಬರೆದರೆ, ‘ಎರಡಕ್ಕೂ ಯೋಗ್ಯ’ ಎಂಬ ವರದಿ ಬಂತು.

ಕೊನೆಗೆ ನನ್ನದೇ ದಾರಿ ಹಿಡಿದೆ. ಒಂದು ಆಸ್ಪತ್ರೆಯಲ್ಲಿ ಅರ್ಧ ದಿನ ವೈದ್ಯರ ಪಕ್ಕ ಹೊರರೋಗಿ ವಿಭಾಗದಲ್ಲಿ, ಅರ್ಧ ದಿನ ಉಪಕರಣ ದುರಸ್ತಿಯ ಕೋಣೆಯಲ್ಲಿ ಕೂತೆ. ಎಷ್ಟು ಸಲ ಗಡಿಯಾರ ನೋಡಿದೆ ಎಂಬುದನ್ನಷ್ಟೇ ಬರೆದುಕೊಂಡೆ. ದುರಸ್ತಿ ಕೋಣೆಗೆ ಒಪ್ಪಿಗೆ ಹೇಗೆ ಪಡೆದೆ ಎಂಬುದು ನನ್ನಲ್ಲೇ ಇರಲಿ. ಮೊದಲ ವಾರದ ಲೆಕ್ಕ ಕೆಟ್ಟಿತು: ದುರಸ್ತಿ ಕೋಣೆ ಯಾವಾಗಲೂ ಮಧ್ಯಾಹ್ನಕ್ಕೇ ಬೀಳುತ್ತಿತ್ತು, ಊಟದ ಮೇಲೆ ತೂಕಡಿಕೆ. ಆಮೇಲೆ ದಿನ ಬಿಟ್ಟು ದಿನ ಬೆಳಗು, ಮಧ್ಯಾಹ್ನ ಅದಲುಬದಲು ಮಾಡಿದೆ. ಹದಿನೆಂಟು ದಿನದ ಲೆಕ್ಕ: ಹೊರರೋಗಿ ವಿಭಾಗದಲ್ಲಿ ದಿನಕ್ಕೆ ಹನ್ನೊಂದೋ ಹನ್ನೆರಡೋ ಸಲ, ರಕ್ತನಾಳಕ್ಕೆ ಔಷಧಿ ಹರಿಸುವ ಇನ್ಫ್ಯೂಷನ್ ಪಂಪು ಬಿಚ್ಚಿದ ಮೇಜಿನ ಮುಂದೆ ಎರಡು ಮೂರು ಸಲ.

ನಡುವೆ ಇನ್ನೊಂದು ಹುಚ್ಚು ಹತ್ತಿತು. ಡಿಸೆಂಬರ್‌ನ ಕೊಯ್ಲಿನಲ್ಲಿ ಬೆಳಗಿನ ಚಳಿಗೆ ಅಜ್ಜಿಯ ಬೆರಳಿಗೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಹಾಕಿದರೆ 88 ತೋರಿಸಿತು. ಮನೆಯವರೆಲ್ಲ ಗಾಬರಿ. ಒಲೆಯ ಮುಂದೆ ಕೈ ಕಾಯಿಸಿ ಹಾಕಿದೆ, 97! ತಣ್ಣಗಾದ ಬೆರಳಿಗೆ ರಕ್ತ ಸರಿಯಾಗಿ ಹರಿಯದಿದ್ದರೆ ಬೆಳಕಿನ ಸಂವೇದಕ ತಪ್ಪು ಹೇಳುತ್ತದೆ. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

‘ಮಿಷನ್ ರಿಪೇರಿಗೆ ಬಿ.ಇ. ಬೇಕೇನೋ?’ ಎಂದು ದೊಡ್ಡಪ್ಪ ಕೇಳಿದರು. ಗಣಿತ ಕೈಬಿಡದಿದ್ದದ್ದು ಕಾಪಾಡಿತು. ಸಿಇಟಿ ಮೂಲಕ ಬೆಂಗಳೂರಿನಲ್ಲಿ ಸೀಟು ಸಿಕ್ಕಿತು. ಮೊದಲ ಸಂಬಳ ಇಪ್ಪತ್ತೆರಡು ಸಾವಿರ, ಈಗ ಅದರ ಎರಡರಷ್ಟಿದೆ. ಡಯಾಲಿಸಿಸ್ ಯಂತ್ರ ಕೆಟ್ಟರೆ ಹಾಸನ, ಚಿಕ್ಕಮಗಳೂರಿಗೆಲ್ಲ ನಾನೇ ಓಡಬೇಕು. ದೊಡ್ಡಪ್ಪನಿಗೇ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದೆ. ಆ ಪ್ರಶ್ನೆಯನ್ನು ಅವರು ಮತ್ತೆ ಕೇಳಿಲ್ಲ.

ಈಗ ತಂಗಿಯೂ ಅದೇ ಗಡಿಯಾರದ ಲೆಕ್ಕದ ಪುಸ್ತಕ ಹಿಡಿದು ಕೂತಿದ್ದಾಳೆ. ಅವಳ ಲೆಕ್ಕ ತಿರುಗುಮುರುಗು: ದುರಸ್ತಿ ಕೋಣೆಯಲ್ಲಿ ಹದಿಮೂರು, ವೈದ್ಯರ ಪಕ್ಕ ಎರಡು. ನೀಟ್ ಅರ್ಜಿ ನಾನೇ ತುಂಬಿಸಿದೆ.